ಪ್ರತಿ ಭಾನುವಾರ ಸಾಯುತ್ತಿದ್ದ ಅಪ್ಪ

ಕಾಗೆ ತಲೆಗೆ ಬಡಿದರೆ ಸಾವು ಬೆನ್ನಿಗೆ ಬಿತ್ತೆಂದೇ ನಮ್ಮ ಕಡೆ ಲೆಕ್ಕ. ಅದಕ್ಕೆ ಪರಿಹಾರವೂ ಉಂಟು. ಆಸಾಮಿ ಸತ್ತೇ ಹೋದನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಎದೆ ಬಡಿದುಕೊಂಡು ಅತ್ತರೆ ಗಂಡಾಂತರ ಕಳೆಯಿತು. ಹಿಂದೆಯೇ ಇನ್ನೊಬ್ಬ ಹೋಗಿ ನಿಜ ಹೇಳಿ ಸಮಾಧಾನ ಮಾಡಬೇಕು.

ಹಗರೆಯ ನಮ್ಮ ತೆಂಗಿನ ತೋಟದಲ್ಲಿ ಅಪ್ಪನ ತಲೆಗೆ ಕಾಗೆ ಬಡಿದಾಗ ಸುದ್ದಿ ಹೋದದ್ದು ಗೆಂಡೆಹಳ್ಳಿಗೆ, ಅಪ್ಪನ ಒಬ್ಬಳೇ ತಂಗಿಗೆ. ಮೊದಲನೆಯವನು ಸರಿಯಾಗಿ ಮುಟ್ಟಿಸಿದ. ಎರಡನೆಯವನು ಬೇಲೂರಿನಲ್ಲಿ ಬೋಂಡಾ ತಿನ್ನುತ್ತ ಬಸ್ಸು ತಪ್ಪಿಸಿಕೊಂಡ. ದಾರಿಯುದ್ದಕ್ಕೂ ಅತ್ತುಕೊಂಡು ಬಂದ ಅತ್ತೆಗೆ ನಮ್ಮ ಜಗಲಿಯಲ್ಲಿ ಕಂಡದ್ದು, ಹುರುಳಿಸಾರಿಗೆ ಮುದ್ದೆ ಅದ್ದಿ ನುಂಗುತ್ತಿದ್ದ ಅಣ್ಣ.

"ಇನ್ನು ನೀನು ನಿಜವಾಗ್ಲೂ ಸತ್ರೂ ನಾನು ಈ ಹೊಸಿಲು ತುಳಿಯಾಕಿಲ್ಲ" ಎಂದು ಹೇಳಿ, ನೀರೂ ಮುಟ್ಟದೆ ಬಂದ ದಾರಿ ಹಿಡಿದಳು.

ಹೇಳಿದಂತೆಯೇ ನಡೆದಳು. ಗೌರಿ ಹಬ್ಬ ಬಂದಾಗಲೆಲ್ಲ ಅಪ್ಪ ಬಾಗಿನ ಹೊತ್ತು ಗೆಂಡೆಹಳ್ಳಿಗೆ ಹೋಗುವುದು, ಅತ್ತೆ ಬಾಗಿಲಲ್ಲೇ ನಿಂತು "ಸತ್ತೋರ ಮನೆ ಬಾಗಿನ ನಂಗ್ ಬ್ಯಾಡ" ಎನ್ನುವುದು, ಅಪ್ಪ ಅದನ್ನು ಹಾಗೇ ವಾಪಸ್ ಹೊತ್ತು ತರುವುದು. ಹಬ್ಬದ ದಿನ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಅತ್ತೆಯ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ, ಆ ಬೋಂಡಾದವನ ಮೇಲೆ ಅದರ ಎರಡರಷ್ಟಿತ್ತು.

ಹೀಗಿರುವಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಟಿವಿಯವರು ನಮ್ಮ ತೋಟಕ್ಕೆ ಬಂದರು. ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಧಾರಾವಾಹಿ ಮಾಡುತ್ತಿದ್ದರು. ಹಳ್ಳಿಯ ಪಟೇಲ ತೋಟದಲ್ಲಿ ಸತ್ತು ಬಿದ್ದಿರುತ್ತಾನೆ, ರಿಟೈರಾದ ಮೇಷ್ಟರೊಬ್ಬರು ಕೊಲೆಗಾರನನ್ನು ಹುಡುಕುತ್ತಾರೆ. ಅವತ್ತು ಮೇಷ್ಟರು ಬಂದಿದ್ದರು, ಹೆಣ ಬಂದಿರಲಿಲ್ಲ. ಹೆಣದ ಪಾತ್ರದವನಿಗೆ ಜ್ವರವಂತೆ. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕುಳಿತಾಗ ಅಪ್ಪ ಮುಂದೆ ಬಂದರು.

ಅಜ್ಜಿ ಹೌಹಾರಿದಳು. "ಬದುಕಿರೋರು ಹೆಣ ಆಗ್ತಾರೇನೋ? ಅಪಶಕುನ ಕಣೋ!"

"ಕಾಗೆ ಒಂದ್ಸಲ ಸಾಯಿಸೈತೆ. ಇನ್ನೊಂದ್ಸಲಕ್ಕೆ ಏನಾಯ್ತದೆ ಬಿಡವ್ವ" ಎಂದ ಅಪ್ಪ ಪಂಚೆ ಸರಿಮಾಡಿಕೊಂಡು ತೆಂಗಿನ ಬುಡದಲ್ಲಿ ಅಂಗಾತ ಮಲಗಿದರು.

ಸಾಯುವುದು ಅಷ್ಟು ಸುಲಭವಲ್ಲ ಎಂದು ನನಗೆ ಗೊತ್ತಾದದ್ದೇ ಆವತ್ತು. ಒಮ್ಮೆ ಹೊಟ್ಟೆ ಏರಿಳಿಯಿತು. ಒಮ್ಮೆ ಇರುವೆ ಕಚ್ಚಿ ಹೆಣ "ಅಯ್ಯಪ್ಪಾ" ಎಂದಿತು. ಇನ್ನೊಮ್ಮೆ ಆಳು ಬಂದು ಎಮ್ಮೆ ಕಟ್ಟಿದ್ದೆಲ್ಲಿ ಎಂದು ಕೇಳಿದಾಗ ಹೆಣವೇ ಉತ್ತರ ಕೊಟ್ಟಿತು. ಕೊನೆಗೆ ಒಂದು ನೊಣ ಬಂದು ಅಪ್ಪನ ಮೂಗಿನ ಮೇಲೆ ಕೂತಿತು. ಅಪ್ಪ ಹಲ್ಲು ಕಚ್ಚಿ ತಡೆದುಕೊಂಡರು. ನಿರ್ದೇಶಕರಿಗೆ ಆ ನೊಣ ಎಷ್ಟು ಹಿಡಿಸಿತೆಂದರೆ ಅದನ್ನೇ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದುಕೊಂಡರು.

ಧಾರಾವಾಹಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಅಪ್ಪ ಮೊದಲ ವಾರದಲ್ಲೇ ಸತ್ತರು, ಸರಿ. ಆದರೆ ಮೇಷ್ಟರು ಯೋಚನೆಗೆ ಕೂತಾಗಲೆಲ್ಲ ಹೆಣ ನೆನಪಿಗೆ ಬಂದು, ವಾರ ವಾರವೂ ಅಪ್ಪ, ಅಪ್ಪನ ಮೂಗು, ಮೂಗಿನ ಮೇಲೆ ನೊಣ. ಕೊಲೆ ಮಾಡಿದ್ದು ಯಾರೆಂಬ ಚಿಂತೆ ಊರಲ್ಲಿ ಒಬ್ಬರಿಗೂ ಇರಲಿಲ್ಲ. ಹೊಟ್ಟೆ ಅಲ್ಲಾಡಿತೋ ಇಲ್ಲವೋ ಎಂಬುದರ ಮೇಲೆಯೇ ಜಗಳ. ಅಪ್ಪ ಡೇರಿಗೆ ಹಾಲು ಹಾಕಲು ಹೋದರೆ, "ಏನ್ಲಾ, ಈ ವಾರಾನೂ ಸಾಯ್ತೀಯಾ?" ಎಂದು ಕೇಳುತ್ತಿದ್ದರು. ಬೇಲೂರಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನನಗೆ 'ಹೆಣದ ಮಗಳು' ಎಂದೇ ಹೆಸರಾಯಿತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸುತ್ತಿತ್ತು, ಆದರೆ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಆಗಲೇ ಜನ ಇದ್ದರು.

ಅಪ್ಪ ಮಾತ್ರ ಸೋಮವಾರ ಬಂತೆಂದರೆ ಬಸ್ಸು ನಿಲ್ಲುವ ಕಡೆ ಹೋಗಿ ಸುಮ್ಮನೆ ಕೂರುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ.

"ಗೆಂಡೆಹಳ್ಳೀಲೂ ಟಿವಿ ಐತಲ್ಲಮ್ಮ" ಎಂದರು.

ಸೋಮವಾರಗಳು ಬಂದು ಹೋದವು, ಅತ್ತೆ ಬರಲಿಲ್ಲ.

ಕೊನೆಯ ಕಂತಿನಲ್ಲಿ ಮೇಷ್ಟರು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಕನ್ನಡಕ ಒರೆಸಿಕೊಂಡರು. ಪಟೇಲನಿಗೆ ಮಜ್ಜಿಗೆಯಲ್ಲಿ ವಿಷ ಹಾಕಿದ್ದು ಬೇರಾರೂ ಅಲ್ಲ, ಅವನ ಒಡಹುಟ್ಟಿದ ತಂಗಿ! ಅಪ್ಪ ಎದ್ದು ಟಿವಿ ಆರಿಸಿ, "ಮುಗೀತು, ಇನ್ನವಳು ಬರಾಕಿಲ್ಲ" ಎಂದರು.

ಮರುದಿನ ಮೊದಲ ಬಸ್ಸಿಗೇ ಅತ್ತೆ ಬಂದಳು. ಅವತ್ತು ಅಪ್ಪ ಬಸ್ಸಿನ ಕಡೆ ಹೋಗಿರಲೂ ಇಲ್ಲ. ಅಂಗಳದಿಂದಲೇ ಶುರು ಮಾಡಿದಳು.

"ಊರೋರೆಲ್ಲ ಅಣ್ಣನ್ನ ಯಾಕಮ್ಮಿ ಸಾಯಿಸ್ದೆ ಅಂತ ಕೇಳ್ತಾವ್ರೆ! ನನ್ ಕೈ ಮಜ್ಜಿಗೆ ಒಬ್ರೂ ಮುಟ್ತಿಲ್ಲ! ನಾನ್ಯಾಕೆ ನಿನ್ನ ಸಾಯಿಸ್ಲಿ?"

ಅಪ್ಪ ಗಾಬರಿಯಲ್ಲಿ, "ದೂರದಿಂದ ಬಂದಿದೀಯಾ, ಮಜ್ಜಿಗೆ ಕುಡೀತೀಯಾ?" ಎಂದುಬಿಟ್ಟರು. ಅಮ್ಮ ಹಣೆ ಚಚ್ಚಿಕೊಂಡಳು.

ಅತ್ತೆ ಹೊಸಿಲು ದಾಟಿ ಒಳಗೆ ಬಂದು ಅಪ್ಪನ ಎದುರಿಗೆ ಕೂತಳು. ಅವಳ ದನಿ ಇಳಿದಿತ್ತು. "ಮೊದಲ್ನೇ ವಾರದಿಂದ ನೋಡ್ತಾನೇ ಇದೀನಿ ಕಣಣ್ಣ. ಮೂಗಿನ ಮೇಲೆ ನೊಣ ಕೂತಿತ್ತು. ಅಷ್ಟು ಜನ ಸುತ್ತ ನಿಂತಿದ್ರು, ಓಡಿಸೋಕೆ ನಿನ್ನೋರು ಅಂತ ಒಬ್ರೂ ಇರ್ಲಿಲ್ವಾ?"

ಅಷ್ಟು ಹೇಳಿ ಅಳತೊಡಗಿದಳು. ಅಳುತ್ತಲೇ ಸೆರಗಿನ ತುದಿ ಹಿಡಿದು ಅಪ್ಪನ ಮುಖದ ಮುಂದೆ ಬೀಸಿದಳು. ಅಲ್ಲಿ ಯಾವ ನೊಣವೂ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಹೊಟ್ಟೆ ಸಹ ಅಲ್ಲಾಡಲಿಲ್ಲ.