ಲೇಸರ್ ಕಿರಣವೂ ಲಗ್ನಪತ್ರಿಕೆಯ ಗೋಕಟ್ಟೆಯೂ

ಕಳೆದ ತಿಂಗಳು ನಾನು ಒಬ್ಬ ಹುಡುಗಿಯ ನಾಲ್ಕು ತಿಂಗಳ ಕೆಲಸಕ್ಕೆ ಎರಡೇ ನಿಮಿಷದಲ್ಲಿ ಹತ್ತಕ್ಕೆ ಮೂರು ಮಾರ್ಕು ಕೊಟ್ಟೆ.

ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ಕೊಟ್ಟೂರಿನಲ್ಲಿ ಫಿಸಿಕ್ಸ್ ಪಾಠ ಮಾಡುವ ನನ್ನನ್ನು ಜಡ್ಜ್ ಎಂದು ಕರೆದಿದ್ದರು. ನಲವತ್ತು ಮೇಜು, ಮೂವರು ಜಡ್ಜುಗಳು, ಊಟದ ಹೊತ್ತಿನೊಳಗೆ ಎಲ್ಲ ಮುಗಿಯಬೇಕು. (ಹೋಳಿಗೆ ಮಾಡಿಸಿದ್ದಾರೆಂಬ ಸುದ್ದಿ ಮೊದಲೇ ಬಂದಿತ್ತು.)

ಕೊನೆಯ ಸಾಲಿನಲ್ಲಿ ಒಂಬತ್ತನೇ ಕ್ಲಾಸಿನ ಹುಲಿಗೆಮ್ಮ ನಿಂತಿದ್ದಳು. ಇಟ್ಟಿಗಿ ಕಡೆಯ ಹಳ್ಳಿಯವಳು. ಅವಳ ಮುಂದೆ ಬೋಗುಣಿಯಂಥ ಒಂದು ವಸ್ತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಮಾಡಿದ್ದು.

“ಏನವ್ವ ಇದು?” ಎಂದೆ.

“ನಮ್ಮೂರ ಗೋಕಟ್ಟಿರಿ ಸರ್. ದನ ನೀರು ಕುಡಿಯೋದು.”

“ಇದ್ರಾಗ ವಿಜ್ಞಾನ ಏನೈತಿ?”

“ನೀರು ಒಂದು ಗೇಣು ಇಳದಾಗೊಮ್ಮಿ...” ಎಂದು ಶುರು ಮಾಡಿದಳು. ಜೊತೆಯ ಜಡ್ಜ್ ವಾಚು ನೋಡಿಕೊಂಡರು. ಮಾದರಿಯ ಒಂದು ಬದಿಗೆ ಕಸಬರಿಗೆ ಕಡ್ಡಿಯ ಚೂರುಗಳು ಸಿಕ್ಕಿಸಿದ್ದು ಕಂಡಿತು. ‘ಕರಕುಶಲ. ಅಚ್ಚುಕಟ್ಟು ಸಾಲದು’ ಎಂದು ಬರೆದು ಮುಂದೆ ಹೋದೆ.

ಮೊದಲ ಬಹುಮಾನ ಥರ್ಮೋಕೋಲಿನ ರಾಕೆಟ್ಟಿಗೆ. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಹಾರುತ್ತಿತ್ತೇ? ನಾವು ಕೇಳಲಿಲ್ಲ. ಅದು ಜಿಲ್ಲಾ ಮಟ್ಟಕ್ಕೆ ಬಳ್ಳಾರಿಗೆ ಹೋಯಿತು (ಬಸ್ಸಿನಲ್ಲಿ).

ನೀವೇನು ಜಡ್ಜ್ ಅಲ್ಲವೇ? ಸೊಸೆಯ ಸಾರಿಗೆ, ಪಕ್ಕದ ಮನೆಯ ಗೋಡೆಯ ಬಣ್ಣಕ್ಕೆ ದಿನವೂ ಮಾರ್ಕು ಕೊಡುತ್ತೇವೆ. ನಿಂತ ನಿಲುವಿನಲ್ಲೇ ಕೊಡುತ್ತೇವೆ.

ಹದಿನೈದು ದಿನದ ಹಿಂದೆ ಲೈಬ್ರರಿಯ ಇಂಗ್ಲಿಷ್ ಮ್ಯಾಗಜಿನ್ನಿನ 1988ರ ಹೊಸ ಸಂಚಿಕೆಯಲ್ಲಿ ಒಂದು ಲೇಖನ ಓದಿದೆ. ಅಮೆರಿಕದಲ್ಲಿ ಹೊಸ ಯಂತ್ರವೊಂದು ಬಂದಿದೆಯಂತೆ. ಅದು ಕೆತ್ತುವುದಿಲ್ಲ, ಎರಕ ಹೊಯ್ಯುವುದಿಲ್ಲ. ತೊಟ್ಟಿಯಲ್ಲಿ ಅಂಟಿನಂಥ ದ್ರವ. ಅದರ ಮೇಲೆ ಲೇಸರ್ ಕಿರಣ ಗೆರೆ ಎಳೆಯುತ್ತದೆ. ಬೆಳಕು ತಾಗಿದಷ್ಟು ಜಾಗ ಗಟ್ಟಿಯಾಗುತ್ತದೆ. ಆ ಪದರವನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಅದರ ಮೇಲೆ ಇನ್ನೊಂದು. ಬೇಕಾದ ವಸ್ತುವನ್ನು ಕಂಪ್ಯೂಟರ್ ಮೊದಲೇ ಹಾಳೆ ಹಾಳೆಯಾಗಿ ಸೀಳಿಟ್ಟಿರುತ್ತದೆ. (ಕಂಪ್ಯೂಟರನ್ನಾಗಲಿ ಲೇಸರನ್ನಾಗಲಿ ನಾನಿನ್ನೂ ಕಣ್ಣಾರೆ ಕಂಡಿಲ್ಲ. ಪಾಠ ಮಾತ್ರ ಮಾಡುತ್ತೇನೆ.)

ಎರಡನೇ ಪುಟದಲ್ಲೊಂದು ಸಾಲಿತ್ತು. ಹೊರಕ್ಕೆ ಚಾಚಿದ ಭಾಗ ಕುಸಿಯದಂತೆ ಅದರ ಕೆಳಗೆ ತೆಳ್ಳನೆಯ ಆಸರೆಗಳನ್ನೂ ಯಂತ್ರವೇ ಕಟ್ಟುತ್ತದೆ, ಆಮೇಲೆ ಅವನ್ನು ಮುರಿದು ತೆಗೆಯುತ್ತಾರೆ.

ಕಸಬರಿಗೆ ಕಡ್ಡಿಗಳು ನೆನಪಾದವು.

ಪ್ರದರ್ಶನ ನಡೆಸಿದವರಿಗೆ ಅಂದೇ ಪತ್ರ ಬರೆದೆ. ಘೋಷಿಸಿದ ಫಲಿತಾಂಶ ಬದಲಾಗದು ಎಂಬ ಉತ್ತರ ಬಂತು. ಶನಿವಾರ, ಲೇಖನವನ್ನು ಕನ್ನಡದಲ್ಲಿ ಬರೆದುಕೊಂಡು, ಬಸ್ ಹತ್ತಿ ಅವಳ ಸ್ಕೂಲಿಗೇ ಹೋದೆ.

ಅವಳನ್ನು ಪ್ರದರ್ಶನಕ್ಕೆ ಕರೆತಂದಿದ್ದ ಗಣಿತದ ಮೇಷ್ಟ್ರು ಬಸವರಾಜಪ್ಪ ನನ್ನ ಗುರುತು ಹಿಡಿದರು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

“ಅವತ್ತು ನೀವು ಎರಡ ನಿಮಿಷದಾಗ ನೋಡಿ ಹೋದ್ರಿ,” ಎಂದರು. “ಹುಡುಗಿ ನಾಕು ತಿಂಗಳು ದಿನಾ ಸಂಜಿಕ ಗೋಕಟ್ಟಿಗೆ ಹೋಗ್ಯಾಳ.”

ಮಾದರಿ ಸ್ಟಾಫ್ ರೂಮಿನ ಕಪಾಟಿನ ಮೇಲಿತ್ತು. ಈ ಸಲ ಸ್ಟೂಲ್ ಎಳೆದುಕೊಂಡು ಕೂತೆ. ಹುಲಿಗೆಮ್ಮ ಬಂದು ಎಲ್ಲ ವಿವರಿಸಿದಳು. ನೀರು ಒಂದು ಗೇಣು ಇಳಿದಾಗಲೆಲ್ಲ ದಂಡೆಯುದ್ದಕ್ಕೂ ಗೂಟ ನೆಟ್ಟು, ಹಗ್ಗ ಹಿಡಿದು ಅಳೆದು, ಆ ಅಂಚನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಂಡಿದ್ದಳು. ಒಂದೊಂದು ಗೇಣಿಗೆ ಒಂದೊಂದು ಪದರ. ಉಳಿದ ನೀರಿನ ಆಳವನ್ನು ಕೋಲಿನಿಂದ ಅಳೆದು, ಇನ್ನೆಷ್ಟು ಪದರ ಎಂದು ಲೆಕ್ಕ ಹಾಕಿದರೆ ದನಗಳಿಗೆ ನೀರು ಇನ್ನೆಷ್ಟು ದಿನ ಎಂದು ಹೇಳಬಹುದು. ಹೇಳಿಯೂ ಇದ್ದಳು. ಅವಳ ಮಾತು ಕೇಳಿ ಊರವರು ಅಲ್ಲಿ ಬಟ್ಟೆ ಒಗೆಯುವುದನ್ನು ಬಿಟ್ಟಿದ್ದರು.

“ಈ ಕಡ್ಡಿ?”

“ಅಲ್ಲಿ ಹಾಸಗಲ್ಲಿನ ಕೆಳಗ ನೀರು ಕೊರದೈತ್ರಿ. ಮ್ಯಾಲಿನ ಪದರ ಜೋತು ಬೀಳತಿತ್ತು. ಅಂಟು ಒಣಗೋ ತನಕ ಕಡ್ಡಿ ಆಸರಾ ಕೊಟ್ಟಿದ್ದೆ. ಕಿತ್ರ ಹರಿತೈತಿ ಅಂತ ಹಂಗ ಬಿಟ್ಟೀನ್ರಿ.”

ನಾನು ಲೇಸರ್ ಯಂತ್ರದ ಸಂಗತಿ ಓದಿ ಹೇಳಿದೆ. ಆಸರೆಯ ಸಾಲನ್ನು ಎರಡು ಸಲ ಓದಿದೆ. ಪತ್ರ ಬರೆದದ್ದು, ಬಂದ ಉತ್ತರ, ಎರಡನ್ನೂ ತಿಳಿಸಿದೆ. “ನಂದು ತಪ್ಪಾತವ್ವ” ಎಂದೂ ಅಂದೆ.

ಅವಳು ನನ್ನ ಹಾಳೆಗಳನ್ನು ತಿರುವಿ ನೋಡಿದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು:

“ಸರ್, ಅಮೆರಿಕದಾಗ ಇದನ್ನ ಮಾಡಿರಲಿಲ್ಲಂದ್ರ, ನಂದು ತಪ್ಪೇ ಇರ್ತಿತ್ತೇನ್ರಿ?”



“ಒಳ್ಳೆ ಪ್ರಶ್ನಿ” ಎಂದೆ.

ಉತ್ತರ ಗೊತ್ತಿದ್ದೂ ಹೇಳುವ ಧೈರ್ಯ ಸಾಲದಾಗ ನಾವು ಮೇಷ್ಟ್ರುಗಳು ಆಡುವ ಮಾತು ಇದೇ ಅಲ್ಲವೇ?