ಹೆಬ್ಬಾತು ಬರುವಷ್ಟರಲ್ಲಿ ಮೆಮೊರಿ ಫುಲ್

ಕ್ಯಾಮೆರಾ ಇರುವ ಮೊಬೈಲ್ ಕೊಂಡ ವಿಷಯವನ್ನು ಮನೆಯಲ್ಲಿ ಹೇಳಬಾರದು. ನಾನು ಹೇಳಿದೆ.

ಮರುದಿನವೇ ತಂಗಿ ಶೈಲಾಳ ಫೋನ್. "ಅಣ್ಣಾ, ಶನಿವಾರ ನಿನ್ನ ಹೊಸಾ ಮೊಬೈಲ್ ಬೇಕಾಗೇತಿ. ಅದರ ಸಂಗಾಟ ನೀನೂ ಬಾ." (ಕ್ರಮ ಗಮನಿಸಿ.)

ಆಕೆ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಎಂಟನೇ ಕ್ಲಾಸಿನ ಹುಡುಗಿಯರಿಗೆ ಪ್ರಾಜೆಕ್ಟ್: ಕೊಲ್ಹಾರದ ಹಿನ್ನೀರಿಗೆ ಬರುವ ಹೆಬ್ಬಾತು. ಸೋಮವಾರ ಬಾಗೇವಾಡಿಯಲ್ಲಿ ಪ್ರದರ್ಶನ. ಪುಸ್ತಕದ ಚಿತ್ರ ಅಂಟಿಸಿದ್ದಕ್ಕೆ ಹೋದ ವರ್ಷ ಇವರ ಚಾರ್ಟ್ ಬಾಗಿಲಿನಿಂದಲೇ ವಾಪಸಾಗಿತ್ತು. ಈ ಸಲ ಸ್ವಂತ ಫೋಟೊ ಬೇಕೇ ಬೇಕು. ನನ್ನ ಮೊಬೈಲಿನಲ್ಲಿ ಹಿಡಿಸುವುದು ಇಪ್ಪತ್ತು. ಸಾಲದೇ?

ಸಾಲುತ್ತಿತ್ತು, ದಾರಿಯಲ್ಲಿ ಜನ ಇಲ್ಲದಿದ್ದರೆ.

ಶನಿವಾರ ಹುಡುಗಿಯರೊಂದಿಗೆ ಹಿನ್ನೀರಿನತ್ತ ಹೊರಟ ನಮ್ಮನ್ನು ಮೊದಲ ಹೊಲದಲ್ಲೇ ರೈತ ಕಾಶಪ್ಪ ತಡೆದ. "ಫೋಟೊ ತಗೀತೀರೇನವ್ವಾ? ಮೊದ್ಲ ನಮ್ಮವ್ವಂದು ತಗೀರಿ." ಅವ್ವ ಬಂದಳು. ಸೊಸೆಯರು ಬಂದರು. ಎತ್ತೂ ಬಂತು. ಮುಂದೆ ಬಲೆ ಒಣಗಿಸುತ್ತಿದ್ದ ಹುಸೇನಸಾಬರು, "ಅವ್ರ ಎತ್ತಿಗೆ ಐತಿ, ನನಗಿಲ್ಲೇನು?" ಎಂದರು. ಅವರ ಮನೆಯವರೆಲ್ಲ ಬಂದು ನಿಂತರು. ಎರಡೂ ಕಡೆ ಮಜ್ಜಿಗೆ ಕುಡಿದವರು ಒಲ್ಲೆ ಎನ್ನುವುದು ಹೇಗೆ?

ನೀರಿನಂಚಿನಲ್ಲಿ ಹೆಬ್ಬಾತುಗಳ ಹಿಂಡೇ ಕೂತಿತ್ತು. ಗುಂಪಿನ ಲೀಡರ್ ಮಾದೇವಿ ಉಸಿರು ಹಿಡಿದು ಮೊಬೈಲ್ ಎತ್ತಿದಳು.

ಮೆಮೊರಿ ಫುಲ್.

"ಒಂದು ಅಳಸವ್ವಾ" ಎಂದೆ. ಬೆನ್ನಿಗೇ ಬಂದಿದ್ದ ಕಾಶಪ್ಪ ಗರಂ ಆದ. "ಯಾರನ್ನ ಅಳಸ್ತೀರಿ? ನಮ್ಮವ್ವನ್ನ? ಆಕಿಗೆ ವಯಸ್ಸಾಗೇತಿ, ಏನರ ಹೆಚ್ಚುಕಮ್ಮಿ ಆದ್ರ?"

"ಹಂಗಾರ ಎತ್ತಿಂದು ಅಳಸ್ತೇನ್ರಿ ಕಾಕಾ" ಎಂದಳು ಮಾದೇವಿ.

"ಬಸವಣ್ಣನ್ನ?!"

ಆ ದನಿಗೆ ಹಿಂಡು ಹಾರಿತು. ಶೈಲಾ ನನ್ನತ್ತ ನೋಡಿದ ನೋಟ ವರದಿಗೆ ಯೋಗ್ಯವಲ್ಲ. (ಮೆಮೊರಿ ಕಾರ್ಡ್ ಮನೆಯಲ್ಲೇ ಬಿಟ್ಟವನು ನಾನು.)

ಮಾದೇವಿ ಅಳಲಿಲ್ಲ. ಮರಳುವಾಗ ನೋಟ್‌ಬುಕ್ ಬಿಚ್ಚಿ ಕಾಶಪ್ಪನ ಅವ್ವನ ಮುಂದೆ ಕೂತಳು. "ಆಯೀ, ಆ ಹಕ್ಕಿ ಯಾವಾಗ ಬರ್ತಾವು?"

"ಥಂಡಿ ಬಿದ್ದಕೂಡ್ಲೆ ಬರ್ತಾವು. ನಮ್ಮ ಕಡ್ಲಿ ಹೊಲಕ್ಕ ಊಟಕ್ಕ ಕರದಂಗ ಇಳೀತಾವು, ಸುಡ್ಲಿ!"

ಅವು ರಾತ್ರಿ ಎಲ್ಲಿ ತಂಗುತ್ತವೆ, ಯಾವುದಕ್ಕೆ ಬೆದರುತ್ತವೆ ಎಂಬುದನ್ನು ಹುಸೇನಸಾಬರು ಹೇಳಿದರು.

ಸೋಮವಾರ ಚಾರ್ಟಿನ ತುಂಬ ಮನುಷ್ಯರು. ಕೆಳಗೆ ಅವರವರ ಮಾತು. ತೀರ್ಪುಗಾರರು ಕನ್ನಡಕ ಏರಿಸಿದರು. "ಹಕ್ಕಿ ಎಲ್ಲೈತವ್ವಾ?"

"ಹಾರಿ ಹೋದ್ವುರಿ ಸರ್. ದಿನಾ ನೋಡೋರು ಇಲ್ಲೇ ಅದಾರ್ರಿ."

ಬಹುಮಾನ ಬರಲಿಲ್ಲ. ಚಾರ್ಟ್ ಮಾತ್ರ ಸಂಜೆಯವರೆಗೂ ಗೋಡೆಯ ಮೇಲಿತ್ತು.

ಮೊಬೈಲ್ ನನ್ನ ಕೈಗೆ ಮರಳಿದೆ, ಮೆಮೊರಿ ಇನ್ನೂ ಫುಲ್. ಬಸವಣ್ಣನನ್ನು ಅಳಿಸುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?