ನಾನು ಮ್ಯಾಪಿನಿಂದ ಅಳಿಸಿದ ತೋಡು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮೂರಿನ ಮಳೆನೀರು ಹರಿಯುವ ಒಂದು ಇಡೀ ತೋಡನ್ನು ಮ್ಯಾಪಿನಿಂದ ಮಾಯ ಮಾಡಿದವನು ನಾನು. ಅದೂ ಬರಿಯ ಬಾಯಲ್ಲಿ.

ಆಗಿದ್ದಿಷ್ಟು. ಕುಂದಾಪುರ ಈಗ ಹೆಮ್ಮಾಡಿ ದಾಟಿ ತ್ರಾಸಿಯ ಕಡೆಗೆ ಕಾಲು ಚಾಚುತ್ತಿದೆಯಲ್ಲ? ಹಾಗೆ ಬೆಳೆಯುವ ಊರು ಮುಂದೆ ಎಂಥ ಮಳೆ, ಎಂಥ ಬಿಸಿಲು ಬಂದರೂ ತಡೆದುಕೊಳ್ಳಬೇಕು ಅಂತ ಒಂದು ಪ್ಲಾನ್ ತಯಾರಾಗುತ್ತಿತ್ತು. ಅದಕ್ಕಾಗಿ ಮೇ ತಿಂಗಳ ಉರಿಬಿಸಿಲಲ್ಲಿ ಸರ್ವೆಯವನೊಬ್ಬ ಬಂದ. ನಾವು ಒಣಗಿದ ತೋಡಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. (ಪ್ರತಿ ಬೇಸಿಗೆಯಲ್ಲೂ ಅಲ್ಲೇ ಆಟ. ಚೆಂಡು ದಂಡೆಯ ಮೇಲಿನ ಗಿರಿಜಕ್ಕನ ಮನೆಯ ಹೆಂಚಿನ ಮಾಡಿಗೆ ಬಿದ್ದರೆ ಸಿಕ್ಸರ್. ಅವಳು ಮೀನು ಒಣಗಿಸುವ ಚಾಪೆಗೆ ಬಿದ್ದರೆ ಔಟ್. ಏಕೆಂದರೆ ಚೆಂಡು ವಾಪಸ್ ಬರುವುದಿಲ್ಲ.)

"ಇದು ಯಾವ ಜಾಗ?" ಅಂತ ಅವನು ಕೇಳಿದ.

ನೇರವಾಗಿ ಉತ್ತರ ಕೊಟ್ಟರೆ ನಾನು ನಾನೇ ಹೇಗಾದೇನು? ರೇಡಿಯೋ ಕಾಮೆಂಟರಿಯ ದನಿ ತೆಗೆದೆ. "ಇದು ನಮ್ಮ ಅಂತಾರಾಷ್ಟ್ರೀಯ ಕ್ರೀಡಾಂಗಣ! ಪ್ರೇಕ್ಷಕರಿಂದ ಕಿಕ್ಕಿರಿದಿದೆ!" ಪ್ರೇಕ್ಷಕರು ಅಂದರೆ ಎರಡು ಎಮ್ಮೆ. ಎಲ್ಲರೂ ನಕ್ಕರು. ಅವನು ಮಾತ್ರ ಬರೆದುಕೊಂಡ. ಒಂದು ಫೋಟೋ ಕೂಡ ಹೊಡೆದ.

ಮಳೆಗಾಲ ಕಳೆದ ಮೇಲೆ ಸಾರ್ವಜನಿಕರ ಸಭೆ. ಪರದೆಯ ಮೇಲೆ ನಮ್ಮೂರು ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ತೋಡಿದ್ದ ಜಾಗದಲ್ಲಿ ಮಾತ್ರ ಗುಲಾಬಿ ಚೌಕ. ಕೆಳಗೆ 'ಹವಾಮಾನ ಸ್ನೇಹಿ ಪಾರ್ಕಿಂಗ್, ಸೋಲಾರ್ ಚಾವಣಿ ಸಹಿತ'.

"ಬೇಸಿಕಲಿ ಇದು ಖಾಲಿ ಗ್ರೌಂಡು," ಅಂದರು ಪ್ಲಾನಿನ ಸಾಹೇಬರು. "ಆಳೆತ್ತರ ಮಣ್ಣು ತುಂಬಿಸಿದರೆ ಆಯ್ತು."

ಮಳೆಗಾಲದಲ್ಲಿ ಮೇಲಿನ ಗದ್ದೆಗಳ ನೀರೆಲ್ಲ ಹೊಳೆ ಸೇರುವುದು ಆ ತೋಡಿನಲ್ಲೇ. ಅದನ್ನು ಮುಚ್ಚಿದರೆ ನೀರಿಗೆ ಉಳಿಯುವ ದಾರಿ ಒಂದೇ: ಗಿರಿಜಕ್ಕನ ಅಡುಗೆಮನೆ.

ಗಿರಿಜಕ್ಕ ಮೀನು ಮಾರಿ, ಬುಟ್ಟಿಯ ಸಮೇತ ನೇರ ಸಭೆಗೆ ಬಂದಿದ್ದಳು. (ಅವಳ ಸುತ್ತ ನಾಲ್ಕು ಕುರ್ಚಿ ಖಾಲಿ.) "ಹ್ವಾಯ್, ಅದ್ ತೋಡ್ ಮಾರಾಯ್ರೆ! ನೀರ್ ಹೋಪ್ದ್ ಎಲ್ಲಿ? ನಮ್ಮನಿ ಒಳ್ಗಾ?" ಅಂದವಳೇ ನನ್ನ ಕಡೆ ತಿರುಗಿದಳು. "ಹೇಳ್ ಮಾಣಿ. ದಿನಾ ಬೊಬ್ಬೆ ಹೊಡಿತೆ, ಈಗೆಂತಾಯ್ತ್ ನಿಂಗೆ?"

ಎದ್ದು ನಿಂತೆ. ಹೆದರಿಕೆಯಾದಾಗ ನನಗೊಂದು ರೋಗವಿದೆ: ಎದುರಿಗೆ ಯಾರಿದ್ದಾರೋ ಅವರದೇ ದನಿ ಬರುತ್ತದೆ. "ಬೇಸಿಕಲಿ ಸರ್..." ಅಂದೆ. ಮೂಗಿನಲ್ಲಿ, ಥೇಟ್ ಸಾಹೇಬರಂತೆ. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕೆಂಪಾದರು. ನನ್ನನ್ನು ಕೂರಿಸಲಾಯಿತು. ಜೀವನದಲ್ಲಿ ಒಮ್ಮೆ ಸತ್ಯ ಹೇಳಲು ಹೊರಟವನ ಗತಿ ನೋಡಿ!

"ಅಮ್ಮಾ, ಸುಮ್ಮನೆ ಗಲಾಟೆ ಬೇಡ. ನಮ್ಮ ಹತ್ತಿರ ಸಾಕ್ಷಿ ಇದೆ," ಅಂತ ಸಾಹೇಬರು ಫೋಟೋ ಹಾಕಿಸಿದರು. ಗೋಡೆಯ ತುಂಬ ನಾನು! ಲುಂಗಿ ಎತ್ತಿಕಟ್ಟಿ, ಬ್ಯಾಟು ಹಿಡಿದು, ಹಲ್ಲು ಕಿರಿಯುತ್ತಾ. ಕಾಲ ಕೆಳಗೆ ಹನಿ ನೀರಿಲ್ಲ.

"ಅದ್ ಬ್ಯಾಸ್ಗಿ ಫೋಟೋ," ಅಂದಳು ಗಿರಿಜಕ್ಕ.

"ಸರ್ವೆ ಮಾಡುವುದೇ ಬೇಸಿಗೆಯಲ್ಲಿ, ಅಮ್ಮಾ. ಮಳೆಯಲ್ಲಿ ಯಾರು ಓಡಾಡುತ್ತಾರೆ?"

ಹೌದಲ್ಲ? ಮಳೆಗೆ ಹೆದರದ ಊರನ್ನು ಮಳೆಗೆ ಹೆದರುವವರೇ ಕಟ್ಟಬೇಕೇ? ಈ ಪ್ರಶ್ನೆ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಗಿರಿಜಕ್ಕನಿಗೆ ಅಲ್ಲೇ ಹೊಳೆಯಿತು. ಅವಳು ಬುಟ್ಟಿ ಎತ್ತಿಕೊಂಡು ಒಂದೇ ಮಾತು ಹೇಳಿದಳು. ಸಾಹೇಬರು ಪೆನ್ನು ತೆಗೆದು, ಮೇಜಿನ ಮೇಲಿದ್ದ ಮ್ಯಾಪಿನ ಗುಲಾಬಿ ಚೌಕಕ್ಕೆ ತಾವೇ ಕಾಟು ಹೊಡೆದರು. ಆ ಮಾತು ಇದು:

"ಆಯ್ತ್, ಕಟ್ಟಿ. ಆರೆ ಉದ್ಘಾಟನೆ ಆಸಾಡಿ ತಿಂಗ್ಳ್ ಮಳಿಯಲ್ಲೇ ಇಟ್ಕಣಿ. ನೀವ್ ಸ್ಟೇಜ್ ಮೇಲ್ ಕೂಕಣಿ, ವಾಪಸ್ ಬಪ್ಪುಕೆ ದೋಣಿ ನಾ ಕಳ್ಸ್ತೆ."